ಗೇರ್ ಬದಲಿಸುವ ಕ್ಷಣದ ಲೆಕ್ಕ

ಡ್ರ್ಯಾಗ್ ರೇಸ್ ಎಂದರೆ ನಿಂತಲ್ಲಿಂದ ಹೊರಟು, ನೇರ ದಾರಿಯಲ್ಲಿ ಗೊತ್ತುಮಾಡಿದ ದೂರವನ್ನು ಎಲ್ಲರಿಗಿಂತ ಬೇಗ ಮುಗಿಸುವ ಪೈಪೋಟಿ. ಅದರಲ್ಲಿ ತಿರುವಿಲ್ಲ, ಬ್ರೇಕಿನ ಚಾತುರ್ಯಕ್ಕೆ ಜಾಗವಿಲ್ಲ. ಹೆಚ್ಚಿನ ದೇಶಗಳಲ್ಲಿ ಈ ದೂರ ಕಾಲು ಮೈಲಿ, ಅಂದರೆ 402 ಮೀಟರ್. ಮ್ಯಾನುಯಲ್ ಗೇರಿನ ಕಾರು ಓಡಿಸುವವರಿಗೆ ಇಲ್ಲಿ ಮೂರೇ ಕೆಲಸ: ಚಕ್ರ ಜಾರದಂತೆ ಹೊರಡುವುದು, ಸರಿಯಾದ ಹೊತ್ತಿಗೆ ಗೇರ್ ಬದಲಿಸುವುದು, ಕಾರನ್ನು ನೇರವಾಗಿ ಹಿಡಿದಿಡುವುದು. ಮೊದಲನೆಯದೂ ಮೂರನೆಯದೂ ಬಹುಪಾಲು ಅಭ್ಯಾಸದಿಂದ ಬರುತ್ತವೆ. ಎರಡನೆಯದನ್ನು ಕಾಗದದ ಮೇಲೆ ಮುಂಚೆಯೇ ಲೆಕ್ಕ ಹಾಕಿಕೊಳ್ಳಬಹುದು.

ಈ ವಿಷಯದಲ್ಲಿ ಗ್ಯಾರೇಜುಗಳಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಟಾರ್ಕ್ ಗರಿಷ್ಠವಾಗುವ ಆರ್‌ಪಿಎಂನಲ್ಲೇ ಗೇರ್ ಹಾಕಬೇಕು, ಅದು ದಾಟಿದರೆ ಪಿಕಪ್ ಸಾಯುತ್ತದೆ ಎಂಬುದು ಒಂದು. ಏನೇ ಆದರೂ ಮೀಟರಿನ ಕೆಂಪು ಗೆರೆಯವರೆಗೆ ಎಳೆಯಬೇಕು ಎಂಬುದು ಇನ್ನೊಂದು. ಮೊದಲನೆಯದು ರೇಸಿಗೆ ಬಹುತೇಕ ಯಾವಾಗಲೂ ತಪ್ಪು. ಎರಡನೆಯದು ಕೆಲವು ಎಂಜಿನ್‌ಗಳಿಗೆ ಸರಿ, ಕೆಲವಕ್ಕೆ ನಷ್ಟ. ಎರಡೂ ಮಾತುಗಳು ಎಂಜಿನ್ ಒಂದನ್ನೇ ನೋಡುತ್ತವೆ. ಆದರೆ ಗೇರ್ ಬದಲಿಸುವ ಬಿಂದು ಎಂಜಿನ್ ಒಂದರ ಗುಣವಲ್ಲ. ಈಗಿರುವ ಗೇರಿಗೂ ಮುಂದೆ ಹಾಕಲಿರುವ ಗೇರಿಗೂ ನಡುವಿನ ಹೋಲಿಕೆಯಿಂದ ಅದು ಹುಟ್ಟುತ್ತದೆ. ಹಾಗಾಗಿ ಒಂದೇ ಕಾರಿನಲ್ಲಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಬೇರೆ ಬೇರೆ ಅಂಕಿ ಬರಬಹುದು.

ಚಕ್ರಕ್ಕೆ ತಲುಪುವುದು ಏನು?

ಕಾರನ್ನು ಮುಂದೆ ತಳ್ಳುವುದು ಎಂಜಿನ್‌ನ ಟಾರ್ಕ್ ಅಲ್ಲ, ಚಕ್ರದ ಟಾರ್ಕ್. ಎಂಜಿನ್ ಟಾರ್ಕನ್ನು ಗೇರಿನ ಅನುಪಾತದಿಂದಲೂ ಡಿಫರೆನ್ಷಿಯಲ್‌ನ ಅನುಪಾತದಿಂದಲೂ ಗುಣಿಸಿದರೆ ಅದು ಸಿಗುತ್ತದೆ. ನಡುವೆ ತಿಕ್ಕಾಟದಲ್ಲಿ ಒಂದಿಷ್ಟು ಕಳೆದುಹೋಗುತ್ತದೆ. ಮೊದಲ ಗೇರಿನ ಅನುಪಾತ 3.55, ಎರಡನೆಯದರದು 1.90 ಎಂದಿಟ್ಟುಕೊಂಡರೆ, ಅದೇ ಎಂಜಿನ್ ಟಾರ್ಕಿಗೆ ಎರಡನೇ ಗೇರಿನಲ್ಲಿ ಚಕ್ರಕ್ಕೆ ಸಿಗುವುದು ಮೊದಲ ಗೇರಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಗೇರ್ ಏರಿಸಿದಾಗಲೆಲ್ಲ ಗುಣಕ ಕುಸಿಯುತ್ತದೆ. ಆ ನಷ್ಟ ತುಂಬುವಷ್ಟು ಎಂಜಿನ್ ಟಾರ್ಕ್ ಹೆಚ್ಚಿದರೆ ಮಾತ್ರ ಗೇರ್ ಏರಿಸಿದ್ದಕ್ಕೆ ಬೆಲೆ.

ಗೇರ್ ಏರಿಸಿದಾಗ ಎಂಜಿನ್‌ನ ವೇಗ ಎಷ್ಟು ಇಳಿಯುತ್ತದೆ ಎಂಬುದನ್ನೂ ಅನುಪಾತಗಳೇ ಹೇಳುತ್ತವೆ. ಹೊಸ ಗೇರಿನ ಅನುಪಾತವನ್ನು ಹಳೆಯದರಿಂದ ಭಾಗಿಸಿ, ಆಗಿನ ಆರ್‌ಪಿಎಂಗೆ ಗುಣಿಸಿದರೆ ಸಾಕು. 1.90 ಭಾಗಿಸು 3.55 ಎಂದರೆ 0.535. ಹಾಗಾಗಿ 6,500ರಲ್ಲಿ ಎರಡನೇ ಗೇರ್ ಹಾಕಿದರೆ ಎಂಜಿನ್ ಸುಮಾರು 3,480ಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಡಿಫರೆನ್ಷಿಯಲ್ ಅನುಪಾತಕ್ಕೂ ಟೈರಿನ ಅಳತೆಗೂ ಪಾತ್ರವಿಲ್ಲ. ಅವು ಎರಡೂ ಗೇರುಗಳಿಗೆ ಸಮಾನ.

ಇದರಿಂದ ಸಿಗುವ ನಿಯಮ ಸರಳ. ಈಗಿನ ಗೇರಿನಲ್ಲಿ ಚಕ್ರಕ್ಕೆ ಸಿಗುತ್ತಿರುವ ಟಾರ್ಕ್, ಅದೇ ವೇಗದಲ್ಲಿ ಮುಂದಿನ ಗೇರ್ ಕೊಡಬಲ್ಲ ಟಾರ್ಕಿಗಿಂತ ಹೆಚ್ಚಿರುವವರೆಗೂ ಗೇರ್ ಬದಲಿಸಬಾರದು. ಎರಡೂ ಸಮನಾದ ಕ್ಷಣದಲ್ಲಿ ಬದಲಿಸಬೇಕು. ಸಮನಾಗುವ ಮೊದಲೇ ಎಂಜಿನ್‌ನ ಮಿತಿ ಬಂದುಬಿಟ್ಟರೆ ಆ ಮಿತಿಯೇ ಬದಲಿಸುವ ಬಿಂದು. ಇದನ್ನೇ ಪವರಿನ ಭಾಷೆಯಲ್ಲೂ ಹೇಳಬಹುದು. ಒಂದೇ ವೇಗದಲ್ಲಿ ಚಕ್ರದ ತಳ್ಳುವ ಬಲ ಎಂಜಿನ್‌ನ ಪವರಿಗೆ ನೇರ ಅನುಪಾತದಲ್ಲಿರುತ್ತದೆ. ಆದ್ದರಿಂದ ಬದಲಿಸುವ ಮುಂಚಿನ ಪವರ್ ಮತ್ತು ಬದಲಿಸಿದ ಮೇಲಿನ ಪವರ್ ಸಮನಾಗುವ ಬಿಂದು ಹುಡುಕಿದರೂ ಉತ್ತರ ಅದೇ. ಪವರ್ ತಿಳಿಯಲು ನ್ಯೂಟನ್ ಮೀಟರ್‌ಗಳಲ್ಲಿರುವ ಟಾರ್ಕನ್ನು ಆರ್‌ಪಿಎಂಗೆ ಗುಣಿಸಿ 9,549ರಿಂದ ಭಾಗಿಸಬೇಕು, ಬರುವುದು ಕಿಲೋವ್ಯಾಟ್. ಟಾರ್ಕ್ ಗರಿಷ್ಠವಾಗುವ ಬಿಂದುವಿನಲ್ಲಿ ಗೇರ್ ಹಾಕುವುದು ಏಕೆ ತಪ್ಪು ಎಂಬುದೂ ಇಲ್ಲಿ ಗೊತ್ತಾಗುತ್ತದೆ. ಆ ಬಿಂದುವಿನಲ್ಲಿ ಪವರ್ ಇನ್ನೂ ಏರುತ್ತಲೇ ಇರುತ್ತದೆ. ಗೇರ್ ಹಾಕಿದ ಕೂಡಲೇ ಅದು ಕುಸಿಯುತ್ತದೆ.

ದಿನನಿತ್ಯದ ಓಡಾಟದ ಗುರಿ ಬೇರೆ. ಚಿತ್ರದುರ್ಗದಿಂದ ಹೊಳಲ್ಕೆರೆ ಹಾದು ಶಿವಮೊಗ್ಗದತ್ತ ಸಾಗುವ ಲಾರಿಗಳ ಮೀಟರಿನಲ್ಲಿ ಹಸಿರು ಪಟ್ಟಿಯೊಂದು ಇರುತ್ತದೆ. ಮುಳ್ಳು ಆ ಪಟ್ಟಿಯೊಳಗೆ ಇರುವಂತೆ ಗೇರ್ ಬದಲಿಸಿದರೆ ಡೀಸೆಲ್ ಉಳಿಯುತ್ತದೆ, ಎಂಜಿನ್ ಬಾಳುತ್ತದೆ. ಚಾಲಕರ ಕಿವಿ ಪಳಗಿರುವುದು ಈ ಲೆಕ್ಕಕ್ಕೆ. ರೇಸಿನಲ್ಲಿ ಅದೇ ಕಿವಿ ನಂಬಿದರೆ ಪ್ರತಿ ಗೇರನ್ನೂ ಬೇಗನೆ ಹಾಕಿಬಿಡುವ ಅಪಾಯವಿದೆ.

ಪೆಟ್ರೋಲ್ ಎಂಜಿನ್‌ನ ಉದಾಹರಣೆ

ಲೆಕ್ಕಕ್ಕಾಗಿ ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್ ಎಂಜಿನ್‌ ಒಂದನ್ನು ಕಲ್ಪಿಸಿಕೊಳ್ಳಬಹುದು. ಅದರ ಟಾರ್ಕ್ 3,000 ಆರ್‌ಪಿಎಂನಲ್ಲಿ 108 ನ್ಯೂಟನ್ ಮೀಟರ್, 4,000ದಲ್ಲಿ ಗರಿಷ್ಠ 114, 5,000ದಲ್ಲಿ 110, 6,000ದಲ್ಲಿ 100, 6,500ರಲ್ಲಿ 88. ಅಲ್ಲಿಗೆ ರೆವ್ ಲಿಮಿಟರ್ ಇಂಧನ ಕಡಿತ ಮಾಡುತ್ತದೆ. ಗರಿಷ್ಠ ಪವರ್ 6,000ದ ಆಸುಪಾಸು, ಸುಮಾರು 63 ಕಿಲೋವ್ಯಾಟ್. ಗೇರ್ ಅನುಪಾತಗಳು 3.55, 1.90, 1.28, 0.95. ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಹ್ಯಾಚ್‌ಬ್ಯಾಕ್‌ಗಳ ಸ್ವಭಾವಕ್ಕೆ ಈ ಅಂಕಿಗಳು ಹತ್ತಿರ.

ಮೊದಲ ಗೇರಿನಲ್ಲಿ 6,500ರವರೆಗೆ ಎಳೆದಾಗ ಟಾರ್ಕ್ ಮತ್ತು ಅನುಪಾತದ ಗುಣಲಬ್ಧ 312. ಎರಡನೇ ಗೇರಿಗೆ ಹೋದರೆ 3,480 ಆರ್‌ಪಿಎಂನ 111ನ್ನು 1.90ರಿಂದ ಗುಣಿಸಿ 211. ಲಿಮಿಟರಿನ ಹೊಸ್ತಿಲಲ್ಲೂ ಮೊದಲ ಗೇರ್ ಒಂದೂವರೆ ಪಾಲಿನಷ್ಟು ಮುಂದಿದೆ. ಎರಡರಿಂದ ಮೂರಕ್ಕೆ 167ರ ಎದುರು 145. ಇಲ್ಲೂ ಕೊನೆಯವರೆಗೆ ಎಳೆಯುವುದೇ ಲಾಭ. ಮೂರರಿಂದ ನಾಲ್ಕಕ್ಕೆ 113ರ ಎದುರು 105. ಅಂತರ ಕರಗುತ್ತಾ ಬಂದಿದೆ, ಆದರೂ ಮೂರನೆಯದೇ ಮೇಲು.

ಮೇಲಿನ ಗೇರುಗಳಿಗೆ ಹೋದಂತೆ ಅನುಪಾತಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಆರ್‌ಪಿಎಂ ಕಡಿಮೆ ಇಳಿಯುತ್ತದೆ, ಗುಣಕದ ನಷ್ಟವೂ ಕಡಿಮೆ. ಹೀಗಾಗಿ ಸರಿಯಾದ ಬಿಂದು ಗರಿಷ್ಠ ಪವರಿನ ಕಡೆಗೆ ಕೆಳಗಿಳಿಯುತ್ತಾ ಬರುತ್ತದೆ. ಆದರೂ ಮೂರೂ ಬದಲಾವಣೆಗಳಲ್ಲಿ ಅದು ಲಿಮಿಟರಿಗಿಂತ ಕೆಳಗೆ ಬರಲಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಕೆಂಪು ಗೆರೆಯವರೆಗೆ ಎಳೆಯಿರಿ ಎಂಬ ಮಾತು ಬಹುಪಾಲು ಸರಿಬರುವುದು ಈ ಕಾರಣಕ್ಕೆ.

ಡೀಸೆಲ್ ಮತ್ತು ಟರ್ಬೊ

ಡೀಸೆಲ್ ಎಂಜಿನ್‌ನ ಕಥೆ ಬೇರೆ. ಸ್ವಿಫ್ಟ್, ಡಿಜೈರ್‌ಗಳಲ್ಲಿ ವರ್ಷಗಟ್ಟಲೆ ಬಂದ ಫಿಯಟ್ ವಿನ್ಯಾಸದ 1.3 ಲೀಟರ್ ಡೀಸೆಲ್ 190 ನ್ಯೂಟನ್ ಮೀಟರ್ ಟಾರ್ಕನ್ನು 2,000 ಆರ್‌ಪಿಎಂನಲ್ಲೇ ಕೊಡುತ್ತಿತ್ತು. 75 ಪಿಎಸ್ ಗರಿಷ್ಠ ಪವರ್ 4,000ಕ್ಕೆ ಬರುತ್ತಿತ್ತು. ಅಲ್ಲಿಂದ ಮೇಲೆ ಇಂಥ ಎಂಜಿನ್‌ಗಳ ಉಸಿರು ಕಟ್ಟುತ್ತದೆ. ಡೀಸೆಲ್ ಉರಿಯಲು ಬೇಕಾದ ಸಮಯ ಸಿಗುವುದಿಲ್ಲ, ಸಣ್ಣ ಟರ್ಬೊ ಸಾಕಷ್ಟು ಗಾಳಿ ತಳ್ಳಲಾರದು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕೂಡ ಇಂಧನ ತಗ್ಗಿಸುತ್ತದೆ.

ಇದೇ ಬಗೆಯ, ತುಸು ಹೆಚ್ಚು ಬಲದ ಎಂಜಿನ್ ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ: 2,000ದಿಂದ 2,500ರವರೆಗೆ 200 ನ್ಯೂಟನ್ ಮೀಟರ್, 3,000ದಲ್ಲಿ 190, 3,500ರಲ್ಲಿ 168, 4,000ದಲ್ಲಿ 140, 4,500ರಲ್ಲಿ 105, 5,000ದಲ್ಲಿ ಬರೀ 60. ಗೇರ್ ಅನುಪಾತಗಳು ಹಿಂದಿನವೇ. ಮೊದಲ ಗೇರಿನಲ್ಲಿ 4,500 ತಲುಪಿದಾಗ ಗುಣಲಬ್ಧ 373. ಎರಡನೆಯದಕ್ಕೆ ಹೋದರೆ ಎಂಜಿನ್ 2,400ರ ಸಮೀಪ ನಿಂತು 380 ಕೊಡುತ್ತದೆ. ಎರಡೂ ಸಮನಾಗುವುದು 4,450ರ ಆಸುಪಾಸಿನಲ್ಲಿ. ಎರಡರಿಂದ ಮೂರಕ್ಕೆ ಆ ಬಿಂದು ಸುಮಾರು 4,100. ಮೂರರಿಂದ ನಾಲ್ಕಕ್ಕೆ ಸುಮಾರು 4,000. ಮೂರು ಬದಲಾವಣೆ, ಮೂರು ಅಂಕಿ, ಒಂದಕ್ಕಿಂತ ಒಂದು ಕಡಿಮೆ. ಇಂಥ ಕಾರನ್ನು ಪ್ರತಿ ಗೇರಿನಲ್ಲೂ 5,000ಕ್ಕೆ ಎಳೆಯುವವರು ಸದ್ದನ್ನೇ ವೇಗವೆಂದು ನಂಬಿದವರು. ಮೂರನೇ ಗೇರಿನಲ್ಲಿ 5,000ದ ಹೊತ್ತಿಗೆ ಅವರ ಚಕ್ರಕ್ಕೆ ಸಿಗುವ ಬಲ, ನಾಲ್ಕನೆಯದು ಅದೇ ವೇಗದಲ್ಲಿ ಕೊಡುತ್ತಿದ್ದುದರ ಅರ್ಧಕ್ಕೆ ಇಳಿದಿರುತ್ತದೆ.

ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಇವೆರಡರ ನಡುವೆ ನಿಲ್ಲುತ್ತವೆ. ಅವುಗಳ ಟಾರ್ಕ್ 2,000ಕ್ಕಿಂತ ಮುಂಚೆಯೇ ಏರಿ, 4,000ದ ಆಚೀಚೆಯವರೆಗೆ ಸಮತಟ್ಟಾಗಿ ಸಾಗಿ, ಆಮೇಲೆ ಇಳಿಯುತ್ತದೆ. ಹೆಚ್ಚಿನವುಗಳಲ್ಲಿ ಗರಿಷ್ಠ ಪವರ್ ದಾಟಿ ಕೆಲವು ನೂರು ಆರ್‌ಪಿಎಂ ಆದಮೇಲೆ ಗೇರ್ ಹಾಕುವುದು ಸರಿಹೋಗುತ್ತದೆ. ಕೆಂಪು ಗೆರೆ ಮುಟ್ಟಬೇಕಿಲ್ಲ. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಗೇರ್ ಬದಲಿಸಲು ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡ ಇಳಿಯುತ್ತದೆ, ಮತ್ತೆ ಏರಲು ಕ್ಷಣ ಹಿಡಿಯುತ್ತದೆ. ತೀರಾ ಕಡಿಮೆ ಆರ್‌ಪಿಎಂಗೆ ಬಂದು ಬಿದ್ದರೆ ಕಾಗದದ ಮೇಲಿನ ಟಾರ್ಕ್ ಆ ಕ್ಷಣದಲ್ಲಿ ಕೈಗೆ ಸಿಗುವುದಿಲ್ಲ. ಹೊಸ ಗೇರಿನಲ್ಲಿ ಎಂಜಿನ್ ಟರ್ಬೊ ಚುರುಕಾಗಿರುವ ಜಾಗಕ್ಕೇ ಬಂದು ನಿಲ್ಲುವಂತೆ ಬಿಂದುವನ್ನು ಸ್ವಲ್ಪ ಮೇಲೆ ಸರಿಸಿಕೊಳ್ಳಬೇಕಾಗುತ್ತದೆ.

ಕಾಗದದಿಂದ ಟ್ರ್ಯಾಕಿಗೆ

ಲೆಕ್ಕ ಕೊಟ್ಟ ಅಂಕಿಗೆ ನಾಲ್ಕು ತಿದ್ದುಪಡಿ ಬೇಕು.

ಮೊದಲನೆಯದು ಕೈಕಾಲಿನ ವಿಳಂಬ. ಕಣ್ಣು ಮುಳ್ಳು ಕಂಡು, ಕಾಲು ಕ್ಲಚ್ ಒತ್ತುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಪಾಲು ಹೋಗಿರುತ್ತದೆ. ಮೇಲಿನ ಪೆಟ್ರೋಲ್ ಕಾರಿನಲ್ಲಿ ಮೊದಲ ಗೇರಿನ ಕೊನೆಗೆ ಆರ್‌ಪಿಎಂ ಸೆಕೆಂಡಿಗೆ ಸುಮಾರು 1,500ರಂತೆ ಏರುತ್ತದೆ. ಅಷ್ಟರೊಳಗೆ ಮುಳ್ಳು 300 ಮುಂದೆ ಹೋಗಿರುತ್ತದೆ. ಮೀಟರಿನ ಮುಳ್ಳೇ ಎಂಜಿನ್‌ಗಿಂತ ಸ್ವಲ್ಪ ಹಿಂದೆ ಬೀಳುವುದೂ ಉಂಟು. ಹಾಗಾಗಿ 6,500ಕ್ಕೆ ಗೇರ್ ಬೀಳಬೇಕಾದರೆ 6,100–6,200ಕ್ಕೆ ಕೈ ಹೊರಡಬೇಕು. ಮೂರನೇ ಗೇರಿನಲ್ಲಿ ಅದೇ ಏರಿಕೆ ಸೆಕೆಂಡಿಗೆ 200ರಷ್ಟು ಮಾತ್ರ. ಅಲ್ಲಿ ಮುಂಗಡ ಬೇಕಿಲ್ಲ. ಲಿಮಿಟರಿಗೆ ತಾಗಿಸಿ ಎಂಜಿನ್ ಒದರುವಂತೆ ಮಾಡುವುದು, ನೂರಿನ್ನೂರು ಆರ್‌ಪಿಎಂ ಬೇಗ ಗೇರ್ ಹಾಕುವುದಕ್ಕಿಂತ ದುಬಾರಿ.

ಎರಡನೆಯದು ತಿರುಗುವ ಭಾಗಗಳ ತೂಕ. ಕೆಳಗಿನ ಗೇರಿನಲ್ಲಿ ಎಂಜಿನ್ ಬಲದ ಒಂದು ಭಾಗ ಕ್ರ್ಯಾಂಕ್, ಫ್ಲೈವೀಲ್‌ಗಳನ್ನು ವೇಗಕ್ಕೇರಿಸಲೇ ಖರ್ಚಾಗುತ್ತದೆ. ಗೇರ್ ಮೇಲೇರಿದಂತೆ ಈ ಖರ್ಚು ಗಣನೀಯವಾಗಿ ಇಳಿಯುತ್ತದೆ. ಎರಡು ಗೇರುಗಳ ಬಲ ಸಮನಾಗುವ ಬಿಂದುವಿನಲ್ಲಿ ನಿಜಕ್ಕೂ ಮೇಲಿನ ಗೇರೇ ತುಸು ಮುಂದಿರುತ್ತದೆ. ಭಾರದ ಫ್ಲೈವೀಲ್ ಇರುವ ಡೀಸೆಲ್‌ನಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ಲೆಕ್ಕದ 4,450ರ ಬದಲು ನೂರಾರು ಆರ್‌ಪಿಎಂ ಮುಂಚೆಯೇ ಹಾಕುವುದು ಇದರಿಂದ ಸಮರ್ಥನೀಯ.

ಮೂರನೆಯದು ಹಿಡಿತ. ಹೊರಡುವಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ನಮ್ಮ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಭಾರ ತಪ್ಪಿದ ಆ ಚಕ್ರಗಳು ಸುಲಭವಾಗಿ ಜಾರುತ್ತವೆ. ಜಾರುವಾಗ ಮುಳ್ಳು ಏರುತ್ತದೆ, ಕಾರು ಏರುವುದಿಲ್ಲ. ಬಲವಾದ ಟರ್ಬೊ ಕಾರಿನಲ್ಲಿ ಮೊದಲ ಗೇರ್ ಹೀಗೆ ವ್ಯರ್ಥವಾಗುತ್ತಿದ್ದರೆ ಎರಡನೆಯದನ್ನು ಬೇಗ ಹಾಕುವುದೇ ವೇಗದ ದಾರಿ. ಟೈರು ಹಿಡಿದಿಡಲಾರದ ಬಲವನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ.

ನಾಲ್ಕನೆಯದು ಗೇರ್ ಬದಲಿಸುವುದಕ್ಕೇ ತಗಲುವ ಸಮಯ. ಕ್ಲಚ್ ಒತ್ತಿ ಬಿಡುವವರೆಗೆ ಎಂಜಿನ್ ಬಲ ಚಕ್ರಕ್ಕೆ ತಲುಪುವುದಿಲ್ಲ. ಸಾಮಾನ್ಯ ಚಾಲಕರಿಗೆ ಇದು ಅರ್ಧ ಸೆಕೆಂಡಿನಷ್ಟು. ಪಳಗಿದವರು ಅದರ ಅರ್ಧಕ್ಕೆ ಇಳಿಸುತ್ತಾರೆ. ಬೈಕಿನಲ್ಲಿ ಈ ತೊಂದರೆ ಬಹಳ ಕಡಿಮೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಡ್ರ್ಯಾಗ್ ಪ್ರಶಸ್ತಿಗಳನ್ನು ಹಲವು ಬಾರಿ ಗೆದ್ದ ಬೆಂಗಳೂರಿನ ಹೇಮಂತ್ ಮುದ್ದಪ್ಪ ಅವರಂಥವರು ಓಡಿಸುವ ವರ್ಗದ ಸೂಪರ್‌ಬೈಕ್‌ಗಳಲ್ಲಿ ಕ್ವಿಕ್‌ಶಿಫ್ಟರ್ ಇರುತ್ತದೆ. ಅದು ಕ್ಲಚ್ ಮುಟ್ಟದೆಯೇ, ಕಣ್ಣು ಮಿಟುಕಿಸುವುದರೊಳಗೆ ಬಲ ಕಡಿದು ಗೇರ್ ಬೀಳಿಸುತ್ತದೆ. ಮ್ಯಾನುಯಲ್ ಕಾರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅಂತಿಮ ಗೆರೆಯ ಸಮೀಪದಲ್ಲಿ ಒಂದು ಬದಲಾವಣೆಯನ್ನೇ ಬಿಟ್ಟುಬಿಡುವುದು ಒಮ್ಮೊಮ್ಮೆ ಲಾಭ.

ಮೇಲಿನ ಡೀಸೆಲ್ ಕಾರು ಮೂರನೇ ಗೇರಿನಲ್ಲಿ 4,000 ಮುಟ್ಟುವಾಗ ಗಂಟೆಗೆ 100 ಕಿ.ಮೀ. ವೇಗದಲ್ಲಿದೆ ಎಂದುಕೊಂಡರೆ, ಅದೇ ಗೇರಿನಲ್ಲಿ 4,500 ಮುಟ್ಟಲು ಮೂರು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಕಾರು ನೂರು ಮೀಟರಿನಷ್ಟು ಸಾಗಿರುತ್ತದೆ. ಈ ಹೊತ್ತಿನುದ್ದಕ್ಕೂ ನಾಲ್ಕನೇ ಗೇರಿಗೆ ಹೋಲಿಸಿದರೆ ಸರಾಸರಿ ಹತ್ತನೇ ಒಂದು ಪಾಲು ಬಲ ಕಡಿಮೆ. ಗೇರ್ ಬದಲಿಸಿದರೆ ಅರ್ಧ ಸೆಕೆಂಡಿನಷ್ಟು ಬಲ ಪೂರ್ತಿ ಇಲ್ಲ. ಎರಡನ್ನೂ ತೂಗಿದರೆ, ಗೆರೆ ನೂರು ಮೀಟರಿನೊಳಗೆ ಇದ್ದಾಗ ಮೂರರಲ್ಲೇ ಮುಂದುವರಿಯುವುದು ಮೇಲು. ನಮ್ಮ ಪೆಟ್ರೋಲ್ ಕಾರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. 4.1ರ ಡಿಫರೆನ್ಷಿಯಲ್ ಇದ್ದರೆ ಅದರ ಮೊದಲ ಗೇರ್ ಸುಮಾರು 50 ಕಿ.ಮೀ. ವೇಗದವರೆಗೆ, ಎರಡನೆಯದು 92ರವರೆಗೆ, ಮೂರನೆಯದು 137ರವರೆಗೆ ಎಳೆಯುತ್ತದೆ. ಇಂಥ ಕಾರು ಕಾಲು ಮೈಲಿಯ ಕೊನೆಗೆ ತಲುಪುವುದು 120ರ ಆಸುಪಾಸಿನ ವೇಗವನ್ನು. ಎರಡೇ ಬದಲಾವಣೆಗೆ ಓಟ ಮುಗಿಯುತ್ತದೆ.

ತಪ್ಪಿದ ಗೇರ್

ಅವಸರದಲ್ಲಿ ಗೇರ್ ಬೀಳದೆ ಹೋದರೆ ಕಳೆಯುವುದು ಸಮಯ ಮಾತ್ರ. ತಪ್ಪು ಗೇರ್ ಬಿದ್ದರೆ ಎಂಜಿನ್ನೇ ಹೋಗಬಹುದು. ಮೂರರಿಂದ ನೇರವಾಗಿ ಹಿಂದಕ್ಕೆ ಎಳೆದು ನಾಲ್ಕು ಹಾಕುವ ಬದಲು ಲಿವರನ್ನು ತನ್ನಿಂದಾಚೆಗೆ, ಎಡಕ್ಕೆ ತಳ್ಳಿ ಎಳೆದರೆ ಬೀಳುವುದು ಎರಡು. ನಮ್ಮ ಪೆಟ್ರೋಲ್ ಕಾರಿನಲ್ಲಿ 6,500ಕ್ಕೆ ಹೀಗಾದರೆ, ಕ್ಲಚ್ ಬಿಟ್ಟೊಡನೆ ಚಕ್ರಗಳು ಎಂಜಿನ್‌ ಅನ್ನು 9,600ರ ಕಡೆಗೆ ಎಳೆಯುತ್ತವೆ. ರೆವ್ ಲಿಮಿಟರ್ ಇಂಧನ ನಿಲ್ಲಿಸಬಲ್ಲದು, ಚಕ್ರದ ಕಡೆಯಿಂದ ಬರುವ ಎಳೆತವನ್ನು ತಡೆಯಲಾರದು. ವಾಲ್ವ್ ಪಿಸ್ಟನ್ನಿಗೆ ತಾಗುವುದು, ಕನೆಕ್ಟಿಂಗ್ ರಾಡ್ ಮುರಿಯುವುದು ಇದರ ಫಲ. ಲಿವರನ್ನು ಮುಷ್ಟಿಯಲ್ಲಿ ಬಿಗಿಹಿಡಿಯದೆ, ಅಂಗೈಯಿಂದ ನೇರವಾಗಿ ಎಳೆದರೆ ಲಿವರ್ ತಾನಾಗಿ ನಡುವಿನ ಸಾಲಿಗೆ ಬರುತ್ತದೆ. ನಾಲ್ಕು ಸರಿಯಾಗಿ ಬೀಳುತ್ತದೆ.

ಎತ್ತರ ಮತ್ತು ಬಿಸಿಲು

ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಬೆಂಗಳೂರು 900 ಮೀಟರಿನ ಸುತ್ತಮುತ್ತ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಚಿತ್ರದುರ್ಗದ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 7ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಪಾಲು ಬಲ ಕಳೆದುಕೊಳ್ಳುತ್ತದೆ. ಹಿರಿಯೂರಿನ ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ, 25 ಡಿಗ್ರಿಯ ಬೆಳಗಿಗಿಂತ ಗಾಳಿ ಇನ್ನೂ ಶೇ 5ರಷ್ಟು ತೆಳು. ಹಾಗಾದರೆ ಗೇರ್ ಬದಲಿಸುವ ಬಿಂದುವೂ ಬದಲಾಗಬೇಕೇ? ಬೇಕಿಲ್ಲ. ತೆಳು ಗಾಳಿ ಎಲ್ಲ ಆರ್‌ಪಿಎಂಗಳಲ್ಲೂ ಟಾರ್ಕನ್ನು ಬಹುತೇಕ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಎರಡು ಗೇರುಗಳ ಹೋಲಿಕೆ ಹಾಗೆಯೇ ಉಳಿಯುತ್ತದೆ. ಬದಲಾಗುವುದು ಓಟದ ಸಮಯ. ಒಳನಾಡಿನಲ್ಲಿ ದಾಖಲಿಸಿದ ಸಮಯವನ್ನು ಸಮುದ್ರಮಟ್ಟಕ್ಕೆ ಹತ್ತಿರವಿರುವ ಚೆನ್ನೈ ಟ್ರ್ಯಾಕಿನ ಸಮಯದೊಂದಿಗೆ ನೇರವಾಗಿ ಹೋಲಿಸುವಂತಿಲ್ಲ.

ಎಲ್ಲಿ, ಹೇಗೆ ಪರೀಕ್ಷಿಸುವುದು?

ಚಿತ್ರದುರ್ಗ ಜಿಲ್ಲೆಯ ಹೊರಕೆರೆದೇವಪುರದ ಸುತ್ತ ನೇರ ರಸ್ತೆಗಳಿಗೇನೂ ಕೊರತೆಯಿಲ್ಲ. ಆದರೆ ಅದೇ ರಸ್ತೆಯಲ್ಲಿ ದನಕರು ದಾಟುತ್ತವೆ, ಟ್ರ್ಯಾಕ್ಟರ್ ತಿರುಗುತ್ತದೆ, ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಹರವಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ವೇಗದ ಪೈಪೋಟಿ ನಡೆಸುವುದನ್ನು ಶಿಕ್ಷಾರ್ಹಗೊಳಿಸಿದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅಂದರೆ ಎಫ್‌ಎಂಎಸ್‌ಸಿಐ, ಅನುಮತಿಸಿದ ಸ್ಪರ್ಧೆಗಳು ಟ್ರ್ಯಾಕ್ ಅಥವಾ ಮುಚ್ಚಿದ ರನ್‌ವೇಗಳಲ್ಲಿ ನಡೆಯುತ್ತವೆ. ಅಭ್ಯಾಸಕ್ಕೂ ಅಂಥ ಜಾಗವೇ ಬೇಕು.

ಗೇರ್ ಅನುಪಾತಗಳು ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತವೆ. ಟಾರ್ಕಿನ ಪೂರ್ಣ ರೇಖೆಗೆ ಡೈನೊ ಎಂಬ ಅಳತೆಯಂತ್ರ ಬೇಕು. ಬೆಂಗಳೂರಿನ ಕೆಲವು ಟ್ಯೂನಿಂಗ್ ಗ್ಯಾರೇಜುಗಳಲ್ಲಿ ಈ ಸೌಲಭ್ಯವಿದೆ. ಡೈನೊ ಅಳೆಯುವುದು ಚಕ್ರಕ್ಕೆ ತಲುಪಿದ ಬಲವನ್ನು; ಕಂಪನಿ ಹೇಳಿದ ಅಂಕಿಗಿಂತ ಅದು ಕಡಿಮೆ ಬರುವುದು ಸಹಜ. ಹೋಲಿಕೆಗೆ ರೇಖೆಯ ಆಕಾರ ಮುಖ್ಯ, ಎತ್ತರವಲ್ಲ. ಲೆಕ್ಕದಿಂದ ಬಂದ ಅಂಕಿಯನ್ನು ನಡುವೆ ಇಟ್ಟು, ಅದಕ್ಕಿಂತ 200 ಆರ್‌ಪಿಎಂ ಕೆಳಗೆ ಮತ್ತು 200 ಮೇಲೆ ಗೇರ್ ಹಾಕಿ, ಜಿಪಿಎಸ್ ಆಧಾರಿತ ಟೈಮರಿನಲ್ಲಿ ಸಮಯ ಅಳೆಯಬೇಕು. ಹೊರಡುವಾಗಿನ ಜಾರುವಿಕೆ ಫಲಿತಾಂಶ ಕೆಡಿಸದಂತೆ, ನಿಂತಲ್ಲಿಂದ ಅಳೆಯುವ ಬದಲು 40ರಿಂದ 110 ಕಿ.ಮೀ. ವೇಗಕ್ಕೆ ಹಿಡಿದ ಸಮಯವನ್ನು ನೋಡುವುದು ಹೆಚ್ಚು ನಂಬಲರ್ಹ. ಗಾಳಿ ಮತ್ತು ಇಳಿಜಾರಿನ ಪರಿಣಾಮ ಕಳೆಯಲು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಬೇಕು.

ಒಮ್ಮೆ ಗೊತ್ತಾದ ಅಂಕಿ ಶಾಶ್ವತವಲ್ಲ. ಇಸಿಯು ರೀಮ್ಯಾಪ್, ದೊಡ್ಡ ಟರ್ಬೊ, ಬೇರೆ ಕ್ಯಾಮ್‌ಶಾಫ್ಟ್ ಟಾರ್ಕ್ ರೇಖೆಯ ಆಕಾರವನ್ನೇ ಬದಲಿಸುತ್ತವೆ. ಆಗ ಎಲ್ಲ ಬಿಂದುಗಳನ್ನೂ ಮತ್ತೆ ಲೆಕ್ಕ ಹಾಕಬೇಕು. ಗೇರ್‌ಬಾಕ್ಸಿನ ಅನುಪಾತ ಬದಲಾದರೂ ಹಾಗೆಯೇ. ಟೈರಿನ ಅಳತೆ ಅಥವಾ ಡಿಫರೆನ್ಷಿಯಲ್ ಮಾತ್ರ ಬದಲಾದರೆ ಗೇರ್ ಹಾಕುವ ಆರ್‌ಪಿಎಂ ಹಿಂದಿನದೇ. ಆಗ ಬದಲಾಗುವುದು ಆ ಆರ್‌ಪಿಎಂ ಬರುವ ವೇಗ, ಮತ್ತು ಗೆರೆ ಮುಟ್ಟುವುದರೊಳಗೆ ಎಷ್ಟು ಬಾರಿ ಗೇರ್ ಹಾಕಬೇಕು ಎಂಬುದು.